ಸೋಂಕಿನ ಭಯಕ್ಕೂ ಕ್ಯಾಬ್ ಆ್ಯಪ್ ಬಳಕೆಗೂ ಸಂಬಂಧವೇ ಕಾಣುತ್ತಿಲ್ಲ: ಮಾದರಿ ತಪ್ಪೋ, ಪ್ರಶ್ನೆ ತಪ್ಪೋ?

ದಾರಿಹೋಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕ್ಯಾಬ್, ಪೂಲ್ (ಅಪರಿಚಿತರ ಜೊತೆ ಹಂಚಿಕೊಳ್ಳುವ ಕ್ಯಾಬ್), ಬಾಡಿಗೆ ಸೈಕಲ್‌ನಂಥ ಸಂಚಾರ ಆ್ಯಪ್‌ಗಳನ್ನು ಜನ ಒಪ್ಪಿಕೊಳ್ಳುವುದರಲ್ಲಿ ಆರೋಗ್ಯದ ಬಗೆಗಿನ ಅಳುಕು ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ವಿಷಯ. ಚೌಕಟ್ಟು ಹಳೆಯದೇ. 1989ರಲ್ಲಿ ಡೇವಿಸ್ ಕೊಟ್ಟ ತಂತ್ರಜ್ಞಾನ ಒಪ್ಪಿಗೆ ಮಾದರಿ (ಟ್ಯಾಮ್): ಉಪಯುಕ್ತತೆ, ಸುಲಭತೆ, ಬಳಸುವ ಇರಾದೆ. ಇದಕ್ಕೆ 'ಆರೋಗ್ಯದ ಅಪಾಯ' ಅನ್ನುವ ಒಂದು ಚಲಕ (ಅಳೆಯುವ ಅಂಶ) ಸೇರಿಸಿ, ಅಲ್ಲಿಂದ ಇರಾದೆಗೆ ನೇರ ಬಾಣ ಎಳೆದಿದೆ.

ಆ ಚಲಕಕ್ಕೆ ಇರುವ ನಾಲ್ಕು ಹೇಳಿಕೆಗಳು ಇವು, 1ರಿಂದ 7ರ ಮಾಪನದಲ್ಲಿ:

1. ಆ್ಯಪ್ ಸವಾರಿಗಳಿಂದ ಸೋಂಕು ತಗಲಬಹುದು.
2. ಬೇರೆಯವರು ಕೂತ ಸೀಟಿನಲ್ಲಿ ಕೂರುವುದು ಅಪಾಯ.
3. ಸೋಂಕು ರೋಗಗಳ ಬಗ್ಗೆ ನನಗೆ ಚಿಂತೆ ಇದೆ.
4. ಆ್ಯಪ್ ಸವಾರಿ ನನ್ನ ಆರೋಗ್ಯಕ್ಕೆ ಒಳ್ಳೆಯದಲ್ಲ.

ಸುಮಾರು 300 ಜನ ಉತ್ತರಿಸಿದ್ದಾರೆ, ಎಲ್ಲರೂ ಈಗ ಯಾವುದಾದರೂ ಒಂದು ಆ್ಯಪ್ ಬಳಸುತ್ತಿರುವವರೇ. ಪಿಎಲ್‌ಎಸ್‌ನಲ್ಲಿ (ಬಾಣಗಳ ಬಲವನ್ನು ಲೆಕ್ಕ ಹಾಕುವ ಸಂಖ್ಯಾಶಾಸ್ತ್ರ ವಿಧಾನ) ಓಡಿಸಿದರೆ ಅಪಾಯದಿಂದ ಇರಾದೆಗೆ ಹೋಗುವ ಗುಣಾಂಕ (ಬಾಣದ ಬಲ) ಸೊನ್ನೆಯ ಪಕ್ಕ ಬಂದು ಕೂತಿದೆ. ಉಪಯುಕ್ತತೆ ಮಾತ್ರ ಜೋರಾಗಿದೆ. 'ಭಯಕ್ಕೆ ಪಾತ್ರವಿಲ್ಲ' ಎಂದು ಬರೆದು ಮುಗಿಸಬಹುದೇ? ಇಲ್ಲ ಅನ್ನುವುದಾದರೆ ಎಲ್ಲಿಂದ ಸರಿ ಮಾಡಬೇಕು: ಹೇಳಿಕೆಗಳಿಂದಲೋ, ಮಾದರಿಯಿಂದಲೋ? ಎರಡನೇ ಸುತ್ತಿನ ಸಮೀಕ್ಷೆಗೆ ಅವಕಾಶ ಇದೆ.

---

ಅಳತೆಪಟ್ಟಿ

ಬರೆದು ಮುಗಿಸಬೇಡಿ. ನಿಮ್ಮ ಸೊನ್ನೆಯೊಳಗೆ ಕಡಿಮೆಯೆಂದರೆ ಮೂರು ಬೇರೆ ಬೇರೆ ಸೊನ್ನೆಗಳು ಅಡಗಿರಬಹುದು.

ಮೊದಲನೆಯದು: ಭಯಕ್ಕೆ ಎರಡು ದಾರಿ ಇದೆ. ಸೋಂಕಿನ ಅಳುಕು ಇರುವವನಿಗೆ ಅಪರಿಚಿತರ ಜೊತೆ ಮುಚ್ಚಿದ ಕಾರಿನಲ್ಲಿ ಕೂರಲು ಹಿಂಜರಿಕೆ. ಇದು ಇರಾದೆಯನ್ನು ಕೆಳಗೆ ಎಳೆಯುತ್ತದೆ. ಆದರೆ ಅದೇ ಮನುಷ್ಯನಿಗೆ ನೋಟು ಮುಟ್ಟದೆ ದುಡ್ಡು ಕೊಡುವುದು, ನಿಲ್ದಾಣದ ಗುಂಪಿನಲ್ಲಿ ನಿಲ್ಲದೆ ಮನೆ ಬಾಗಿಲಿಗೇ ವಾಹನ ಬರುವುದು ದೊಡ್ಡ ಅನುಕೂಲ. ಇದು ಉಪಯುಕ್ತತೆಯ ಮೂಲಕ ಇರಾದೆಯನ್ನು ಮೇಲಕ್ಕೆತ್ತುತ್ತದೆ. ನೀವು ಅಪಾಯದಿಂದ ಉಪಯುಕ್ತತೆಗೆ ಬಾಣವನ್ನೇ ಎಳೆದಿಲ್ಲ. ಹಾಗಾಗಿ ಮೇಲಕ್ಕೆ ಎತ್ತುವ ದಾರಿಯನ್ನು ಮಾದರಿ ಅಳೆದೇ ಇಲ್ಲ. ಎಳೆದು ಮತ್ತೆ ಓಡಿಸಿ, ನೇರ ಪರಿಣಾಮ ಮತ್ತು ಬಳಸುದಾರಿಯ ಪರಿಣಾಮ ಎರಡನ್ನೂ ಬೇರೆ ಬೇರೆ ವರದಿ ಮಾಡಿ. ಬೂಟ್‌ಸ್ಟ್ರ್ಯಾಪ್ (ಇದೇ ದತ್ತಾಂಶದಿಂದ ಮತ್ತೆ ಮತ್ತೆ ಆಯ್ದು ಲೆಕ್ಕ ಹಾಕುವುದು) 5000 ಸಲಕ್ಕೆ ಕಡಿಮೆ ಬೇಡ, 10,000 ಆದರೆ ಒಳ್ಳೆಯದು. ಎರಡೂ ಕಾನ್ಫಿಡೆನ್ಸ್ ಇಂಟರ್ವಲ್‌ಗಳು (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿಗಳು) ಸೊನ್ನೆಯನ್ನು ಮುಟ್ಟದೆ, ಚಿಹ್ನೆಗಳು ಎದುರುಬದುರಾಗಿದ್ದರೆ ನಿಮಗೆ ಸಿಕ್ಕಿರುವುದೇ ಫಲಿತಾಂಶ.

ಎರಡನೆಯದು ಉತ್ತರಿಸಿದವರೊಳಗಿನ ಗುಂಪುಗಳದ್ದು. ಸ್ವಂತ ವಾಹನ ಇರುವವರಿಗೆ ಭಯ ಹೆಚ್ಚಾದರೆ ಆ್ಯಪ್ ಬಿಟ್ಟು ತಮ್ಮ ಗಾಡಿ ಹತ್ತುತ್ತಾರೆ. ಸ್ವಂತ ವಾಹನ ಇಲ್ಲದವರಿಗೆ ಆ್ಯಪ್ ಕ್ಯಾಬಿಗೆ ಎದುರಾಳಿ ಕಿಕ್ಕಿರಿದ ಬಸ್ಸು, ರೈಲು; ಭಯ ಹೆಚ್ಚಾದರೆ ಅವರು ಕ್ಯಾಬಿನ ಕಡೆಗೇ ಬರುತ್ತಾರೆ. ಇಬ್ಬರನ್ನೂ ಒಂದೇ ಪಾತ್ರೆಗೆ ಸುರಿದರೆ ಒಂದು ಇನ್ನೊಂದನ್ನು ಕಡಿದು ಹಾಕುತ್ತದೆ. ವಾಹನ ಇದೆ, ಇಲ್ಲ ಅಂತ ಎರಡು ಗುಂಪು ಮಾಡಿ ಹೋಲಿಸಿ. ಆದರೆ ಅದಕ್ಕೂ ಮೊದಲು ಹೇಳಿಕೆಗಳು ಎರಡೂ ಗುಂಪಿನಲ್ಲಿ ಒಂದೇ ಅರ್ಥ ಕೊಡುತ್ತಿವೆಯೇ ಎಂದು ಮೈಕಾಮ್ ವಿಧಾನದಲ್ಲಿ ನೋಡಿ. ಅದರ ಮೂರು ಹಂತಗಳಲ್ಲಿ ಮೊದಲ ಎರಡಾದರೂ ದಾಟಿದರೆ ಮಾತ್ರ ಗುಣಾಂಕಗಳನ್ನು ಹೋಲಿಸುವ ಹಕ್ಕು ನಿಮಗೆ ಬರುತ್ತದೆ.

ಮೂರನೆಯದು ಬರೀ ಲೆಕ್ಕದ ಸಮಸ್ಯೆ. ಎಲ್ಲರೂ 6, 7 ಎಂದೇ ಗುರುತು ಹಾಕಿದ್ದರೆ ಏರಿಳಿತವೇ ಇಲ್ಲ. ಏರಿಳಿತ ಇಲ್ಲದ ಕಡೆ ಗುಣಾಂಕ ಎಲ್ಲಿಂದ ಬರಬೇಕು? ಬೇರೇನೂ ಮಾಡುವ ಮೊದಲು ಪ್ರತಿ ಹೇಳಿಕೆಯ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ ನೋಡಿ. ಇದು ಐದು ನಿಮಿಷದ ಕೆಲಸ.

ಇನ್ನು ಹೇಳಿಕೆಗಳು. ಕ್ಷಮಿಸಿ, ನಾಲ್ಕರಲ್ಲಿ ಒಂದೂ ಹಾಗೇ ಉಳಿಯುವಂತಿಲ್ಲ. ಮೊದಲನೆಯದರಲ್ಲಿ 'ತಗಲಬಹುದು' ಅಂದರೆ ಯಾರಿಗೆ? ಬೇರೆಯವರಿಗೆ ತಗಲುತ್ತದೆ, ನನಗೆ ತಗಲಲ್ಲ ಅನ್ನುವುದು ಮನುಷ್ಯನ ಹುಟ್ಟುಗುಣ. ವೈನ್‌ಸ್ಟೈನ್ 1980ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. 'ನನಗೆ' ಎಂದು ಸ್ಪಷ್ಟವಾಗಿ ಬರಲೇಬೇಕು. ಎರಡನೆಯದು ಮೇಲ್ಮೈ ಮುಟ್ಟುವ ಭಯ, ಮೂರನೆಯದು ಸ್ವಭಾವದ ಚಿಂತೆ. ನಾಲ್ಕನೆಯದು ಇನ್ನೂ ಕೆಟ್ಟದ್ದು: ಅದಕ್ಕೆ 'ಹೌದು' ಅಂದವನ ತಲೆಯಲ್ಲಿ ಸೋಂಕಿತ್ತೋ, ಅಪಘಾತವಿತ್ತೋ, ನಡೆಯುವ ಅಭ್ಯಾಸ ತಪ್ಪಿಹೋಯಿತಲ್ಲ ಅನ್ನುವ ಬೇಸರವಿತ್ತೋ, ದೇವರೇ ಬಲ್ಲ. ನಾಲ್ಕಕ್ಕೂ ಸೇರಿ ಎವಿಇ (ಹೇಳಿಕೆಗಳು ಒಂದೇ ವಿಷಯವನ್ನು ಎಷ್ಟರ ಮಟ್ಟಿಗೆ ಅಳೆಯುತ್ತಿವೆ ಎಂಬ ಅಂಕಿ) 0.5ರ ಮೇಲೆ ಬಂದಿದೆಯೇ? ಬಂದಿರಲಾರದು.

ಆರೋಗ್ಯ ನಂಬಿಕೆ ಮಾದರಿಯವರು 1950ರ ದಶಕದಿಂದಲೂ ಎರಡು ಭಾಗವನ್ನು ಬೇರೆ ಇಟ್ಟಿದ್ದಾರೆ: ತಗಲುವ ಸಾಧ್ಯತೆ ಒಂದು, ತಗಲಿದರೆ ಎಷ್ಟು ಕಷ್ಟ ಅನ್ನುವುದು ಇನ್ನೊಂದು. 1975ರ ರೋಜರ್ಸ್ ಅವರ ರಕ್ಷಣಾ ಪ್ರೇರಣೆ ಸಿದ್ಧಾಂತ, 1983ರಲ್ಲಿ ತಿದ್ದಿದ ರೂಪದಲ್ಲಿ, ಇದರ ಮೇಲೆ 'ಈ ಉಪಾಯ ಕೆಲಸ ಮಾಡುತ್ತದಾ', 'ನನ್ನಿಂದ ಅದು ಆಗುತ್ತದಾ' ಎಂಬ ಎರಡನ್ನೂ ಕೂಡಿಸುತ್ತದೆ. ಕೊನೆಯ ಎರಡನ್ನು ಬಿಟ್ಟು ಬರೀ ಭಯ ಅಳೆದರೆ, ಹೆದರಿ ಮಾಸ್ಕ್ ಹಾಕಿ ಅದೇ ಕ್ಯಾಬ್ ಹತ್ತಿದವನೂ ಹೆದರಿ ಮನೆಯಲ್ಲೇ ಕೂತವನೂ ನಿಮ್ಮ ದತ್ತಾಂಶದಲ್ಲಿ ಒಂದೇ ಅಂಕ ಪಡೆಯುತ್ತಾರೆ.

ಚಿಂತೆಯನ್ನು ಸಾಧ್ಯತೆಯಿಂದ ಬೇರೆ ಮಾಡಿ ಕೇಳಿ. 'ತಗಲುವ ಸಾಧ್ಯತೆ 5%' ಅನ್ನುವವನೇ ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಿರಬಹುದು. ತಲೆಯ ಲೆಕ್ಕ ಬೇರೆ, ಹೊಟ್ಟೆಯ ಕಳವಳ ಬೇರೆ.

ಕೊನೆಗೆ, ಇದು ಎಲ್ಲಕ್ಕಿಂತ ಮುಖ್ಯ: ಅಪಾಯವನ್ನು ಯಾವುದಕ್ಕೆ ಹೋಲಿಸಿ ಅಂತ ಕೇಳದೆ ಅಳೆಯಬೇಡಿ, ಮತ್ತು ಷರತ್ತು ಹಾಕದೆ ಕೇಳಬೇಡಿ. 'ನಿಮಗೆ ಸೋಂಕು ತಗಲುವ ಸಾಧ್ಯತೆ ಎಷ್ಟು?' ಅಂದರೆ, ಈಗಾಗಲೇ ಪೂಲ್ ಬಿಟ್ಟವನು 'ಕಡಿಮೆ' ಅನ್ನುತ್ತಾನೆ, ಬಿಟ್ಟಿದ್ದಾನಲ್ಲ! ಭಯದಿಂದ ಬಿಟ್ಟವನ ಅಂಕವೇ ಕೆಳಗೆ ಬಂದು ಸಂಬಂಧ ತಿರುಗಾಮುರುಗಾ ಆಗುತ್ತದೆ. ಹೀಗೆ ಬರೆಯಿರಿ:

"ಮುಂದಿನ 30 ದಿನ, ವಾರಕ್ಕೆ 2 ಸಲ, 20 ನಿಮಿಷ, ಕಿಟಕಿ ಮುಚ್ಚಿದ ಆ್ಯಪ್ ಕ್ಯಾಬಿನಲ್ಲಿ ಒಬ್ಬನೇ/ಒಬ್ಬಳೇ ಪ್ರಯಾಣಿಸಿದರೆ, ನನಗೆ ಉಸಿರಾಟದ ಸೋಂಕು ತಗಲುವ ಸಾಧ್ಯತೆ ಎಷ್ಟು?"

ಇದೇ ವಾಕ್ಯವನ್ನು ಪೂಲ್‌ಗೆ, ಬಸ್ಸು ಅಥವಾ ರೈಲಿಗೆ, ಸ್ವಂತ ವಾಹನಕ್ಕೆ, ಬಾಡಿಗೆ ಸೈಕಲ್‌ಗೆ ಬದಲಿಸಿ ಕೇಳಿ, 0ರಿಂದ 100ರ ಗೆರೆಯ ಮೇಲೆ. ಸಿಕ್ಕ ಅಂಕಗಳನ್ನು ಕಳೆದು 'ವ್ಯತ್ಯಾಸ' ಅಂತ ಒಂದು ಚಲಕ ಮಾಡುವ ಆಸೆ ಹುಟ್ಟುತ್ತದೆ, ಮಾಡಬೇಡಿ. ಎರಡು ಅಳತೆಗಳ ದೋಷವೂ ಕೂಡಿಕೊಂಡು ವ್ಯತ್ಯಾಸದ ವಿಶ್ವಾಸಾರ್ಹತೆ ಕುಸಿಯುತ್ತದೆ. ಕ್ಯಾಬಿನ ಅಪಾಯ, ಬಸ್ಸಿನ ಅಪಾಯ ಎರಡನ್ನೂ ಮಾದರಿಯಲ್ಲಿ ಅಕ್ಕಪಕ್ಕ ಇಡಿ. ಒಂದಕ್ಕೆ ಋಣ, ಇನ್ನೊಂದಕ್ಕೆ ಧನ ಚಿಹ್ನೆ ಬಂದರೆ ಹೋಲಿಕೆ ನಡೆಯುತ್ತಿದೆ ಎಂದು ಅದೇ ಹೇಳುತ್ತದೆ.

ಬ್ಲಾಕ್‌ಗಳ ಕ್ರಮವನ್ನೂ ನೋಡಿಕೊಳ್ಳಿ. ಸೋಂಕಿನ ಪ್ರಶ್ನೆ ಮೊದಲು ಬಂದರೆ ಮುಂದಿನ ಎಲ್ಲದಕ್ಕೂ ಅದರ ನೆರಳು ಬೀಳುತ್ತದೆ. ಇರಾದೆ ಮತ್ತು ಉಪಯುಕ್ತತೆ ಮೊದಲು, ಅಪಾಯ ಆಮೇಲೆ. ಇಲ್ಲವೇ ಅರ್ಧ ಜನರಿಗೆ ಹೀಗೆ, ಅರ್ಧ ಜನರಿಗೆ ಹಾಗೆ. ಉತ್ತರಿಸಿದ ದಿನಾಂಕವನ್ನು ದಾಖಲಿಸಿ. ಎರಡು ವಾರದಲ್ಲಿ ಸುದ್ದಿ ಬದಲಾದರೆ ಉತ್ತರವೂ ಬದಲಾಗುತ್ತದೆ.

ಇನ್ನೊಂದು ಮಾತು. ಅಪಾಯದ ಹಳೆಯ ಪಟ್ಟಿಗಳನ್ನು ಕಣ್ಣುಮುಚ್ಚಿ ಎತ್ತಬೇಡಿ. ಜಾಕೋಬಿ ಮತ್ತು ಕಪ್ಲಾನ್ 1972ರಲ್ಲಿ ಮಾಡಿದ ವಿಂಗಡಣೆಯಲ್ಲಿ ದೇಹಕ್ಕೆ ಆಗುವ ಅಪಾಯ ಇತ್ತು. 2003ರಲ್ಲಿ ಫೆದರ್‌ಮನ್ ಮತ್ತು ಪಾವ್ಲೂ ಇ-ಸೇವೆಗಳಿಗೆ ಪಟ್ಟಿ ಮಾಡುವಾಗ ಅದನ್ನು ಕೈಬಿಟ್ಟರು, ಆನ್‌ಲೈನ್ ಸೇವೆಯಿಂದ ಜೀವಕ್ಕೇನೂ ಆಗಲ್ಲ ಎಂದು. ಅವರ ಸಂದರ್ಭಕ್ಕೆ ಅದು ಸರಿ. ಆದರೆ ಕ್ಯಾಬ್ ಆ್ಯಪ್‌ನ ಇನ್ನೊಂದು ತುದಿಯಲ್ಲಿ ಒಂದು ಕಾರು, ಒಂದು ದೇಹ ಇದೆ.

---

ಲಾಗ್‌ಬುಕ್

ಅಳತೆಪಟ್ಟಿಯವರು ಪ್ರಶ್ನಾವಳಿ ಹೇಳಿದರು. ನಾನು ಅದರಾಚೆಗಿನದನ್ನು ಹೇಳುತ್ತೇನೆ, ಯಾಕೆಂದರೆ ಇರಾದೆ ಬೇರೆ, ಟ್ರಿಪ್ ಬೇರೆ. ವೆಬ್ ಮತ್ತು ಶೀರನ್ 2006ರಲ್ಲಿ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ಇರಾದೆಯಲ್ಲಿ 0.66 ಸ್ಟ್ಯಾಂಡರ್ಡ್ ಡೀವಿಯೇಶನ್‌ನಷ್ಟು ಬದಲಾವಣೆ ತಂದ ಕಡೆ ನಡವಳಿಕೆ ಬದಲಾದದ್ದು 0.36ರಷ್ಟು. 'ಬಳಸುತ್ತೇನೆ' ಅನ್ನುವ ಉತ್ತರದ ಮೇಲೆ ಎಷ್ಟು ಭಾರ ಹಾಕಬಹುದು ಅನ್ನುವುದಕ್ಕೆ ಇದೇ ಅಂದಾಜು. ಉತ್ತರಿಸುವವರಿಗೆ ಆ್ಯಪ್‌ನ 'ನನ್ನ ಪ್ರಯಾಣಗಳು' ಪುಟ ತೆರೆದು, ಕಳೆದ 28 ದಿನದಲ್ಲಿ ಎಷ್ಟು ಎಂದು ಎಣಿಸಿ ಬರೆಯಲು ಹೇಳಿ. 30 ಬೇಡ, 28: ಎಲ್ಲರಿಗೂ ನಾಲ್ಕೇ ಶನಿವಾರ, ನಾಲ್ಕೇ ಸೋಮವಾರ ಸಿಗಲಿ.

ಕಂಪನಿಯಿಂದ ದತ್ತಾಂಶ ಸಿಗುವ ಹಾಗಿದ್ದರೆ ಟ್ರಿಪ್ ಸಂಖ್ಯೆ ಮಾತ್ರ ಕೇಳಬೇಡಿ. ಟ್ರಿಪ್ ಇಳಿದರೆ ಅದು ಸವಾರನ ಭಯವೋ ಡ್ರೈವರ್‌ನ ಭಯವೋ ತಿಳಿಯುವುದಿಲ್ಲ. ಡ್ರೈವರ್‌ಗಳು ಹೆದರಿ ಆಫ್‌ಲೈನ್ ಹೋದರೆ ಕಾಯುವ ಸಮಯ ಏರುತ್ತದೆ, ದರ ಏರುತ್ತದೆ, ಸವಾರ ಬೇಸತ್ತು ಬಿಡುತ್ತಾನೆ. ಹಂತಹಂತವಾಗಿ ನೋಡಬೇಕು: ಆ್ಯಪ್ ತೆರೆದದ್ದು, ಹೋಗುವ ಜಾಗ ಹಾಕಿದ್ದು, ದರ ನೋಡಿದ್ದು, ಬುಕ್ ಒತ್ತಿದ್ದು, ಡ್ರೈವರ್ ಒಪ್ಪಿದ್ದು, ಪ್ರಯಾಣ ಮುಗಿದದ್ದು. ಮನೆಯಿಂದ ಹೊರಡುವುದೇ ನಿಂತಿದ್ದರೆ ಮೊದಲ ಹಂತದಲ್ಲೇ ಇಳಿತ ಕಾಣುತ್ತದೆ. ಸವಾರನ ಅಳುಕಿದ್ದರೆ, ತೋರಿಸಿದ ದರವೂ ಕಾಯುವ ನಿಮಿಷವೂ ಮೊದಲಿನಂತೇ ಇದ್ದು, ದರ ನೋಡಿ ಬುಕ್ ಒತ್ತುವ ನಡುವೆ ಸೋರಿಕೆ ಹೆಚ್ಚುತ್ತದೆ. ಡ್ರೈವರ್ ಕಡೆಯ ಸಮಸ್ಯೆ 'ಒಪ್ಪಿದ್ದು' ಹಂತದಲ್ಲಿ. ರದ್ದು ಮಾಡಿದ್ದಕ್ಕೆ ಕೊಟ್ಟ ಕಾರಣಗಳ ಪಟ್ಟಿಯನ್ನು ಮಾತ್ರ ನಂಬಬೇಡಿ. ಜನ ಮೇಲಿನ ಆಯ್ಕೆಯನ್ನು ಒತ್ತಿ ಮುಂದೆ ಹೋಗುತ್ತಾರೆ.

ಹೊರಗಿನ ಗೊಂದಲ ಇನ್ನೊಂದಿದೆ. ಕೋವಿಡ್ ಕಾಲದ ದತ್ತಾಂಶದಲ್ಲಿ ನಿರ್ಬಂಧ ಮತ್ತು ಭಯ ಒಟ್ಟಿಗೇ ಏರಿ ಒಟ್ಟಿಗೇ ಇಳಿದಿವೆ. ಆಕ್ಸ್‌ಫರ್ಡ್‌ನವರ 0ರಿಂದ 100ರ ನಿರ್ಬಂಧ ಸೂಚ್ಯಂಕವನ್ನೂ ಮಾದರಿಗೆ ಸೇರಿಸಿ, ನಿರ್ಬಂಧದ ಪಾಲು ಬೇರೆಯಾಗಲಿ. ಗೂಗಲ್ ಸಂಚಾರ ವರದಿಗಳನ್ನು ಬಳಸುವುದಾದರೆ ಅವುಗಳ ಆಧಾರರೇಖೆ 2020ರ ಜನವರಿ 3ರಿಂದ ಫೆಬ್ರವರಿ 6ರವರೆಗಿನದು, ವಾರದ ಆಯಾ ದಿನದ ಮಧ್ಯಾಂಕ, ಎಂಬುದು ನೆನಪಿರಲಿ. ಋತುಮಾನದ ಏರಿಳಿತವನ್ನು ಅದು ತೆಗೆದಿಲ್ಲ. ದಿನದ ಸೋಂಕಿನ ಸಂಖ್ಯೆಯನ್ನೇ 'ಭಯ' ಎಂದು ಹಾಕುವವರೂ ಇದ್ದಾರೆ. ಮೊದಲ ಅಲೆಯ ನೂರು ಪ್ರಕರಣಕ್ಕೆ ಹುಟ್ಟಿದ ಭಯ ಮೂರನೇ ಅಲೆಯ ನೂರಕ್ಕೆ ಹುಟ್ಟಲ್ಲ, ಜನ ಒಗ್ಗಿಹೋಗುತ್ತಾರೆ. ಸಂಖ್ಯೆಯ ಜೊತೆ ಕಾಲವನ್ನೂ ಗುಣಿಸಿ ಹಾಕಬೇಕು.

ಪೂಲ್ ಬಗ್ಗೆ ಎಚ್ಚರ. ಊಬರ್ ಮತ್ತು ಲಿಫ್ಟ್ 2020ರ ಮಾರ್ಚ್ 17ರಂದು ಅಮೆರಿಕ, ಕೆನಡಾಗಳಲ್ಲಿ ಪೂಲ್ ಸವಾರಿಯನ್ನೇ ನಿಲ್ಲಿಸಿದವು. ಅಲ್ಲಿಂದ ಮುಂದಿನ ಸೊನ್ನೆಗಳು ಜನರ ತೀರ್ಮಾನವಲ್ಲ, ಕಂಪನಿಯ ತೀರ್ಮಾನ. ಆ ಅವಧಿಯನ್ನು 'ಪೂಲ್ ಬೇಡಿಕೆ ಕುಸಿಯಿತು' ಎಂದು ಓದುವ ಹಾಗಿಲ್ಲ.

'ಆ್ಯಪ್ ಒಪ್ಪಿಗೆ' ಅನ್ನುವ ಪದವೇ ಎಷ್ಟು ಸಡಿಲ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. 2020ರ ಎರಡನೇ ತ್ರೈಮಾಸಿಕದಲ್ಲಿ ಊಬರ್‌ನ ಸವಾರಿ ವಹಿವಾಟು ಹಿಂದಿನ ವರ್ಷಕ್ಕಿಂತ 75% ಇಳಿಯಿತು, ಅದೇ ಕಂಪನಿಯ ಊಟ ತಲುಪಿಸುವ ವಹಿವಾಟು 106% ಏರಿತು. ಇದರಲ್ಲಿ ಭಯದ ಪಾಲೆಷ್ಟು, ಲಾಕ್‌ಡೌನ್‌ನ ಪಾಲೆಷ್ಟು ಎಂದು ಈ ಅಂಕಿಗಳಷ್ಟೇ ಹೇಳಲಾರವು. ಆದರೆ ಆ್ಯಪ್ ಬಳಸಲು ಬರುವುದು, ಆ್ಯಪ್ ಮೇಲಿನ ನಂಬಿಕೆ ಎರಡೂ ಹಾಗೇ ಉಳಿದು ಬದಲಾದದ್ದು ಬಾಗಿಲಿಗೆ ಬರುವುದು ಏನು ಅನ್ನುವುದಷ್ಟೇ. ನ್ಯೂಯಾರ್ಕಿನಲ್ಲಿ ಅದೇ ವಸಂತದಲ್ಲಿ ಮೆಟ್ರೊ ಪ್ರಯಾಣ 90%ರಷ್ಟು ಬಿದ್ದಾಗ ಸಿಟಿ ಬೈಕ್ ಎಂಬ ಬಾಡಿಗೆ ಸೈಕಲ್ ಸೇವೆ ಬಿದ್ದದ್ದು 71%, ಸರಾಸರಿ ಸವಾರಿ 13 ನಿಮಿಷದಿಂದ 19 ನಿಮಿಷಕ್ಕೆ ಉದ್ದವಾಯಿತು. ಇಷ್ಟೆಲ್ಲವನ್ನೂ 'ಸಂಚಾರ ಆ್ಯಪ್' ಎಂಬ ಒಂದೇ ಪೆಟ್ಟಿಗೆಗೆ ಹಾಕಿದ್ದೀರಲ್ಲ, ಅಲ್ಲೇ ಅರ್ಧ ಉತ್ತರ ಕಳೆದುಹೋಗಿದೆ.

---

ದಾರಿಹೋಕ

ಹೇಳಿಕೆಗಳ ಏರಿಳಿತ ನೋಡಿದೆ: ಮೂರನೆಯದರಲ್ಲಿ ಹೆಚ್ಚಿನವರು 6, 7ಕ್ಕೇ ಅಂಟಿಕೊಂಡಿದ್ದಾರೆ. ಎವಿಇ ಕೂಡ ಅಳತೆಪಟ್ಟಿಯವರು ಊಹಿಸಿದ ಹಾಗೇ ಇದೆ. ಎರಡನೇ ಸುತ್ತಿನಲ್ಲಿ 'ಕಂಪನಿ ತೆಗೆದುಕೊಂಡ ಮುನ್ನೆಚ್ಚರಿಕೆ' ಅನ್ನುವ ಚಲಕ ಸೇರಿಸುವ ಯೋಚನೆ ಇದೆ: ಸ್ಯಾನಿಟೈಸರ್, ಪ್ಲಾಸ್ಟಿಕ್ ಪರದೆ, ಮಾಸ್ಕ್, ಕಿಟಕಿ, ಎಲ್ಲ ಸೇರಿಸಿ ಒಂದು ಮೊತ್ತ. ಸಾಕೇ?

---

ಕಿಟಕಿಪಕ್ಕ

ಮೊತ್ತ ಮಾಡಬೇಡಿ. ಆ ನಾಲ್ಕೂ ಒಂದೇ ಜಾತಿಯವಲ್ಲ. ಕಣ್ಣಿಗೆ ಕಾಣುವ ಸುರಕ್ಷತೆ ಮತ್ತು ನಿಜವಾಗಿ ಕೆಲಸ ಮಾಡುವ ಸುರಕ್ಷತೆ ಇಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ.

ಸ್ಯಾನಿಟೈಸರ್ ಬಾಟಲಿ ಸೀಟಿನ ಬೆನ್ನಿಗೆ ನೇತಾಡುತ್ತಿದ್ದರೆ ಹತ್ತಿದ ಕೂಡಲೇ ಕಾಣುತ್ತದೆ, ಮನಸ್ಸು ಹಗುರಾಗುತ್ತದೆ. ಆದರೆ ಕೊರೊನಾ ವೈರಸ್ಸಿನ ಮಟ್ಟಿಗೆ, ಸೋಂಕಿರುವ ಮೇಲ್ಮೈಯನ್ನು ಒಂದು ಸಲ ಮುಟ್ಟಿದರೆ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲೇ ಹೇಳಿತ್ತು. ಗಾಳಿ ಮಾತ್ರ ಕಾಣುವುದಿಲ್ಲ. ಹಾಗಾಗಿ ಜನ ಬಾಟಲಿ ನೋಡಿ ಸಮಾಧಾನಪಟ್ಟು, ಎಸಿಯನ್ನು ರೀಸರ್ಕ್ಯುಲೇಶನ್‌ನಲ್ಲಿ (ಒಳಗಿನ ಗಾಳಿಯೇ ಸುತ್ತುವ ಸ್ಥಿತಿ) ಬಿಟ್ಟು, ಕಿಟಕಿ ಏರಿಸಿಕೊಂಡು ಕೂರುತ್ತಾರೆ.

ಕಾರಿನೊಳಗಿನ ಗಾಳಿಯ ಲೆಕ್ಕ ಕೆಲವರಿಗೆ ಅಚ್ಚರಿ ತರಬಹುದು. ಡ್ರೈವರ್ ಮುಂದೆ, ಪ್ರಯಾಣಿಕರು ಅವನಿಗೆ ಕರ್ಣವಾಗಿ ಹಿಂದಿನ ಸೀಟಿನಲ್ಲಿ ಇದ್ದಾರೆ ಅಂದುಕೊಳ್ಳಿ. ಎರಡೇ ಕಿಟಕಿ ಇಳಿಸುವುದಾದರೆ ಇಬ್ಬರೂ ತಂತಮ್ಮ ಪಕ್ಕದ್ದನ್ನು ಇಳಿಸುತ್ತಾರೆ. ಗಂಟೆಗೆ ಸುಮಾರು 80 ಕಿಮೀ ವೇಗಕ್ಕೆ ಮಾಡಿದ ಕಂಪ್ಯೂಟರ್ ಲೆಕ್ಕಾಚಾರದಲ್ಲಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಎದುರು ಬದಿಯವು: ಡ್ರೈವರ್‌ನ ಹಿಂದಿನ ಕಿಟಕಿ ಮತ್ತು ಮುಂದೆ ಖಾಲಿ ಸೀಟಿನ ಪಕ್ಕದ ಕಿಟಕಿ. ಓಡುವ ಕಾರಿನಲ್ಲಿ ಗಾಳಿ ಹಿಂದಿನ ಕಿಟಕಿಯಿಂದ ಒಳಗೆ ನುಗ್ಗಿ ಮುಂದಿನದರಿಂದ ಹೊರಗೆ ಹೋಗುತ್ತದೆ. ಇಬ್ಬರ ನಡುವೆ ಗಾಳಿಯ ಪರದೆ ಎಳೆದ ಹಾಗೆ. ನಾಲ್ಕೂ ಇಳಿಸಿದರೆ ಎಲ್ಲಕ್ಕಿಂತ ಒಳ್ಳೆಯದು, ನಾಲ್ಕೂ ಏರಿಸಿದರೆ ಎಲ್ಲಕ್ಕಿಂತ ಕೆಟ್ಟದ್ದು. ಸಿಗ್ನಲ್‌ನಲ್ಲಿ ನಿಂತಾಗ ಈ ಹರಿವು ಇರುವುದಿಲ್ಲ, ಫ್ಯಾನ್ ಹೊರಗಿನ ಗಾಳಿ ಎಳೆಯುವ ಸ್ಥಿತಿಯಲ್ಲಿರಬೇಕು.

ಪ್ಲಾಸ್ಟಿಕ್ ಪರದೆ ಎದುರಿನಿಂದ ಹಾರುವ ಹನಿಯನ್ನು ತಡೆಯುತ್ತದೆ. ಹೊಗೆಯ ಹಾಗೆ ತೇಲುವುದು ಅಂಚಿನಿಂದ ಸುತ್ತಿಕೊಂಡು ಬರುತ್ತದೆ, ಜೊತೆಗೆ ಹಿಂದಿನ ಸೀಟಿಗೆ ಬರುವ ಗಾಳಿಗೂ ಅಡ್ಡ.

ನಿಮ್ಮ ಅಧ್ಯಯನಕ್ಕೆ ನಿಜವಾದ ಅಪಾಯವನ್ನೂ ಅಳೆದು ಗ್ರಹಿಕೆಯ ಪಕ್ಕದಲ್ಲಿ ಇಡಬೇಕು ಅನ್ನಿಸಿದರೆ ಒಂದು ಅಗ್ಗದ ದಾರಿ ಇದೆ: ಕಾರ್ಬನ್ ಡೈಆಕ್ಸೈಡ್ ಮೀಟರ್. ಎನ್‌ಡಿಐಆರ್ (ಆ ಅನಿಲವನ್ನೇ ನೇರ ಅಳೆಯುವ) ಸೆನ್ಸರ್ ಇರುವುದನ್ನೇ ತೆಗೆದುಕೊಳ್ಳಿ. 'ಇ-ಸಿಒ2' ಎಂದು ಬರೆದಿರುವ ಅಗ್ಗದವು ಬೇರೆ ಆವಿಗಳಿಂದ ಅಂದಾಜು ಮಾಡುತ್ತವೆ. ಯಾರಾದರೂ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಕು, ಅಂಕಿ ಹುಚ್ಚೆದ್ದು ಏರುತ್ತದೆ. ಮೀಟರನ್ನು ಮುಂದಿನ ಎರಡು ಸೀಟುಗಳ ನಡುವೆ, ಬಾಯಿಗೂ ಎಸಿ ಕಿಂಡಿಗೂ ನೇರ ಎದುರಾಗದಂತೆ ಇಟ್ಟು, ಹತ್ತು ನಿಮಿಷ ಓಡಿದ ಮೇಲೆ ಓದಿ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷಕ್ಕೆ 420 ಪಾಲು). ಒಳಗೆ 1500 ಇದ್ದರೆ ಹೆಚ್ಚುವರಿ 1080. ನಾವು ಬಿಡುವ ಉಸಿರಿನಲ್ಲಿ ಹೆಚ್ಚುವರಿ ಸುಮಾರು 38,000 ಪಿಪಿಎಂ ಇರುತ್ತದೆ. 1080ನ್ನು ಅದರಿಂದ ಭಾಗಿಸಿದರೆ 2.8%: ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ಅಷ್ಟು ಪಾಲು ಈಗಾಗಲೇ ಯಾರದೋ ಶ್ವಾಸಕೋಶ ಸುತ್ತಿ ಬಂದದ್ದು. ರಡ್ನಿಕ್ ಮತ್ತು ಮಿಲ್ಟನ್ 2003ರಲ್ಲಿ ಕೊಟ್ಟ ಲೆಕ್ಕ ಇದು. ಇದು ಸೋಂಕಿನ ಅಳತೆಯಲ್ಲ, ಗಾಳಿ ಬದಲಾಗುತ್ತಿದೆಯೇ ಅನ್ನುವುದರ ಅಳತೆ. ಮಾಸ್ಕ್‌ನ ಪರಿಣಾಮ ಇದರಲ್ಲಿ ಕಾಣುವುದಿಲ್ಲ.

ಹಾಗಾಗಿ ಪ್ರತಿ ಉಪಾಯಕ್ಕೂ ಎರಡು ಪ್ರಶ್ನೆ: ಕಳೆದ ಸವಾರಿಯಲ್ಲಿ ಇದು ಇತ್ತೇ? ಇದು ಸೋಂಕು ತಡೆಯುತ್ತದೆ ಎಂದು ನಿಮಗೆ ಎಷ್ಟು ನಂಬಿಕೆ? ಒಟ್ಟು ಎಂಟು ಪ್ರಶ್ನೆ ಆಗುತ್ತವೆ, ಆಗಲಿ.

ಎರಡು ಚಕ್ರದ ಸವಾರಿ ಆ್ಯಪ್‌ಗಳನ್ನೂ ಸೇರಿಸಿದ್ದೀರಾ? ಅಲ್ಲಿ ಗಾಳಿಯ ಚಿಂತೆ ಕಡಿಮೆ, ಆದರೆ ಹತ್ತಾರು ಜನ ಹಾಕಿದ ಹೆಲ್ಮೆಟ್ ಇದೆ. ಬೆವರು, ವಾಸನೆ, ಹೇನು ಅಂತ ಜನ ಅದನ್ನು ಕೈಯಲ್ಲಿ ಹಿಡಿದು ಕೂರುತ್ತಾರೆ. ಮೋಟಾರ್ ಸೈಕಲ್ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42%, ತಲೆಪೆಟ್ಟಿನ ಅಪಾಯವನ್ನು ಸುಮಾರು 69% ತಗ್ಗಿಸುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ಕಂಡ ಲೆಕ್ಕ. ಸಣ್ಣ ಅಸಹ್ಯ ತಪ್ಪಿಸಲು ದೊಡ್ಡ ಅಪಾಯ ತಲೆಗೆ ಕಟ್ಟಿಕೊಂಡ ಹಾಗೆ. 'ಆರೋಗ್ಯದ ಅಪಾಯ' ಎಂದು ಒಟ್ಟಾರೆ ಕೇಳಿದರೆ ಇಂಥದ್ದೊಂದೂ ಬೇರ್ಪಡುವುದಿಲ್ಲ.

---

ಆಯ್ಕೆಗಾರ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. 1ರಿಂದ 7ರ ಹೇಳಿಕೆಗಳನ್ನು ಎಷ್ಟು ತಿದ್ದಿದರೂ ಜನ ಬಾಯಿಮಾತಿನಲ್ಲಿ ಹೆದರುತ್ತಾರೆ, ಅದಕ್ಕೆ ಬೆಲೆ ತೆರಬೇಕಿಲ್ಲವಲ್ಲ. ಹತ್ತು ನಿಮಿಷ ಹೆಚ್ಚು ಕಾಯಬೇಕು, ಇನ್ನಷ್ಟು ದುಡ್ಡು ಕೊಡಬೇಕು ಅಂದಾಗ ಭಯದ ತೂಕ ತಿಳಿಯುತ್ತದೆ. ಆಯ್ಕೆ ಪ್ರಯೋಗ ಮಾಡಿ: ಕಾಲ್ಪನಿಕ ಪ್ರಯಾಣಗಳನ್ನು ಮುಂದಿಟ್ಟು ಒಂದನ್ನು ಆರಿಸಲು ಹೇಳುವುದು.

ಗುಣಗಳು ಐದು ಸಾಕು: ದರ, ಕಾಯುವ ಸಮಯ, ಜೊತೆಗೆ ಎಷ್ಟು ಜನ, ಕಿಟಕಿ ತೆರೆದಿದೆಯೋ ಮುಚ್ಚಿದೆಯೋ, ಡ್ರೈವರ್ ಮಾಸ್ಕ್ ಹಾಕಿದ್ದಾನೋ ಇಲ್ಲವೋ. ಒಬ್ಬರಿಗೆ 8 ಪ್ರಶ್ನೆ, ಪ್ರತಿಯೊಂದರಲ್ಲಿ 2 ವಾಹನ ಮತ್ತು 'ಈ ಪ್ರಯಾಣವೇ ಬೇಡ' ಎಂಬ ಮೂರನೇ ಆಯ್ಕೆ. ಈ ಮೂರನೆಯದನ್ನು ಬಿಟ್ಟರೆ ಭಯದಿಂದ ಮನೆಯಲ್ಲೇ ಉಳಿಯುವವನನ್ನು ಬಲವಂತವಾಗಿ ಕ್ಯಾಬ್ ಹತ್ತಿಸಿದ ಹಾಗಾಗುತ್ತದೆ. ದರವನ್ನು ಎಲ್ಲರಿಗೂ ಒಂದೇ ಇಡದೆ ಅವರ ಕಳೆದ ಪ್ರಯಾಣದ ದರದ ಸುತ್ತ 20% ಕೆಳಗೆ, ಅಷ್ಟೇ, 20% ಮೇಲೆ, 40% ಮೇಲೆ ಎಂದು ನಾಲ್ಕು ಮಟ್ಟ ಮಾಡಿ. ಜನಸಂದಣಿಯನ್ನು ಪದಗಳಲ್ಲಿ ಹೇಳಬೇಡಿ, ಸೀಟುಗಳ ಚಿತ್ರ ಹಾಕಿ. 'ಸಾಧಾರಣ ಗುಂಪು' ಅಂದರೆ ಒಬ್ಬೊಬ್ಬರಿಗೆ ಒಂದೊಂದು.

ಕನಿಷ್ಠ ಎಷ್ಟು ಜನ ಬೇಕು ಅನ್ನುವುದಕ್ಕೆ ಒರಟು ಸೂತ್ರ: 500ನ್ನು ಒಂದೇ ಗುಣಕ್ಕಿರುವ ಅತಿ ಹೆಚ್ಚು ಮಟ್ಟಗಳ ಸಂಖ್ಯೆಯಿಂದ (ಇಲ್ಲಿ ದರದ 4) ಗುಣಿಸಿ, ಪ್ರಶ್ನೆಗಳು ಗುಣಿಸು ಆಯ್ಕೆಗಳು ಇದರಿಂದ ಭಾಗಿಸಿ. 'ಬೇಡ'ವನ್ನು ಇದರಲ್ಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇಲ್ಲಿ 2000 ಭಾಗಿಸು 16, ಅಂದರೆ 125. ಸ್ವಂತ ವಾಹನ ಇರುವ, ಇಲ್ಲದ ಎರಡು ಗುಂಪಿಗೂ ಬೇರೆ ಬೇರೆ ಅಷ್ಟಷ್ಟು ಬೇಕು.

ಕಿಟಕಿಯ ಗುಣಾಂಕವನ್ನು ದರದ ಗುಣಾಂಕದಿಂದ ಭಾಗಿಸಿದರೆ ತೆರೆದ ಕಿಟಕಿಗೆ ಜನ ಎಷ್ಟು ಕೊಡಲು ಸಿದ್ಧ ಎಂದು ಸಿಗುತ್ತದೆ. ಮಿಕ್ಸ್‌ಡ್ ಲಾಜಿಟ್‌ನಲ್ಲಿ (ಗುಣಾಂಕ ಒಬ್ಬೊಬ್ಬರಿಗೆ ಬೇರೆ ಇರಲು ಬಿಡುವ ಮಾದರಿ) ದರಕ್ಕೆ ನಾರ್ಮಲ್ ಹಂಚಿಕೆ ಕೊಟ್ಟು ಆಮೇಲೆ ಭಾಗಿಸುವ ತಪ್ಪು ಬಹಳ ಸಾಮಾನ್ಯ. ಛೇದ ಸೊನ್ನೆಯ ಹತ್ತಿರ ಹೋದಾಗ ಉತ್ತರ ಆಕಾಶಕ್ಕೆ ಹೋಗುತ್ತದೆ. ದರಕ್ಕೆ ಲಾಗ್‌ನಾರ್ಮಲ್ (ಚಿಹ್ನೆ ಬದಲಾಗದ ಹಂಚಿಕೆ) ಕೊಡಿ, ಇಲ್ಲವೇ 'ಕೊಡಲು ಸಿದ್ಧ ಇರುವ ಮೊತ್ತ'ದ ರೂಪದಲ್ಲೇ ಮಾದರಿಯನ್ನು ಬರೆಯಿರಿ.

---

ಅಳತೆಪಟ್ಟಿ

ಆಯ್ಕೆಗಾರರೇ, ಪ್ರಯೋಗ ಒಳ್ಳೆಯದೇ, ತಕರಾರಿಲ್ಲ. ಆದರೆ ತೆರೆದ ಕಿಟಕಿಯನ್ನು ಆರಿಸಿದವನು ಸೋಂಕಿಗೆ ಹೆದರಿ ಆರಿಸಿದನೋ, ಎಸಿ ಗಾಳಿಗೆ ತಲೆ ಸುತ್ತುತ್ತದೆ ಅಂತ ಆರಿಸಿದನೋ? ಅದನ್ನು ಬೇರ್ಪಡಿಸಲು ಹೇಳಿಕೆಗಳು ಬೇಕೇ ಬೇಕು. ಎರಡನ್ನೂ ಒಂದೇ ಸಮೀಕ್ಷೆಯಲ್ಲಿ ಇಟ್ಟು, ಅಪಾಯದ ಅಂಕವನ್ನು ಕಿಟಕಿಯ ಜೊತೆ ಗುಣಿಸಿ ಹಾಕಿದರೆ ಮೊದಲ ವಿಶ್ಲೇಷಣೆಗೆ ಸಾಕು.

ದಾರಿಹೋಕರಿಗೆ, ಎಷ್ಟು ಜನ ಬೇಕು ಅನ್ನುವುದರ ಬಗ್ಗೆ ಒಂದು ಮಾತು. ಪಿಎಲ್‌ಎಸ್‌ನಲ್ಲಿ 'ಬಾಣಗಳ ಹತ್ತರಷ್ಟು ಜನ' ಎಂಬ ನಿಯಮ ಬಿಡಿ. 2.486ನ್ನು ನೀವು ಹಿಡಿಯಬೇಕೆಂದಿರುವ ಕನಿಷ್ಠ ಗುಣಾಂಕದಿಂದ ಭಾಗಿಸಿ ವರ್ಗ ಮಾಡಿ. 5% ಮಹತ್ವದ ಮಟ್ಟಕ್ಕೆ, 80% ಶಕ್ತಿಗೆ (ಇರುವ ಪರಿಣಾಮ ಕಣ್ಣಿಗೆ ಬೀಳುವ ಸಾಧ್ಯತೆ) ಇದು. 0.2ಕ್ಕೆ 155 ಜನ, 0.15ಕ್ಕೆ 275, 0.1ಕ್ಕೆ ಸುಮಾರು 620. ನಿಮ್ಮ 300ನ್ನು ಎರಡು ಗುಂಪಾಗಿ ಒಡೆದರೆ ತಲಾ 150; 0.2ಕ್ಕಿಂತ ಸಣ್ಣದ್ದು ಇದ್ದರೂ ಕಾಣುವುದಿಲ್ಲ. ಎರಡನೇ ಸುತ್ತಿಗೆ ಗುಂಪಿಗೆ 300ರ ಗುರಿ ಇಟ್ಟುಕೊಳ್ಳಿ. ಸಾಧ್ಯತೆ ಮತ್ತು ಚಿಂತೆ ನಿಜವಾಗಿ ಬೇರೆ ಚಲಕಗಳೇ ಎಂದು ತೋರಿಸಲು ಎಚ್‌ಟಿಎಂಟಿ ಎಂಬ ಅನುಪಾತ 0.85ರ ಒಳಗಿರಬೇಕು. ಹರ್ಮನ್‌ನ ಒಂದೇ ಅಂಶದ ಪರೀಕ್ಷೆ ಹಾಕಿ 'ವಿಧಾನದ ಪಕ್ಷಪಾತ ಇಲ್ಲ' (ಎಲ್ಲವನ್ನೂ ಒಂದೇ ಪ್ರಶ್ನಾವಳಿಯಲ್ಲಿ ಕೇಳಿದ್ದರಿಂದ ಸಂಬಂಧ ಹುಟ್ಟಿಲ್ಲ) ಎಂದು ಬರೆದರೆ ವಿಮರ್ಶಕರು ಬಿಡುವುದಿಲ್ಲ. ವಿಷಯಕ್ಕೆ ಸಂಬಂಧವೇ ಇಲ್ಲದ ಒಂದು ಮಾರ್ಕರ್ ಚಲಕ, ಮೂರು ಹೇಳಿಕೆ, ಈಗಲೇ ಸೇರಿಸಿಬಿಡಿ.

---

ಲಾಗ್‌ಬುಕ್

ಇನ್ನೊಂದು ಬಿಟ್ಟುಹೋಗಿತ್ತು. ನಿಮ್ಮ 300 ಜನರೂ ಈಗ ಆ್ಯಪ್ ಬಳಸುತ್ತಿರುವವರೇ ಅಂದಿರಿ. ಹೆದರಿ ಬಿಟ್ಟವರು ಸಮೀಕ್ಷೆಯೊಳಗೆ ಬಂದೇ ಇಲ್ಲ. ಎರಡನೇ ಸುತ್ತಿನಲ್ಲಿ ಮೊದಲ ಪ್ರಶ್ನೆಯೇ ಇದಾಗಲಿ: ಆ್ಯಪ್ ಈಗ ಫೋನಿನಲ್ಲಿದೆಯೇ, ಇದ್ದು ಬಳಸುತ್ತಿಲ್ಲವೇ, ತೆಗೆದುಹಾಕಿದ್ದೀರಾ, ಎಂದೂ ಹಾಕಿಕೊಂಡಿಲ್ಲವೇ. ನಾಲ್ಕನೆಯವರಿಗೆ 28 ದಿನದ ಎಣಿಕೆ ಕೇಳುವ ಹಾಗಿಲ್ಲ, ಫಾರ್ಮ್‌ನಲ್ಲಿ ಅವರನ್ನು ಅಲ್ಲಿಂದ ಮುಂದಕ್ಕೆ ಹಾರಿಸಿ. ಎರಡನೆಯವರದು ಸೊನ್ನೆ ಬರುತ್ತದೆ. ಅದು ಖಾಲಿ ಜಾಗ ಅಲ್ಲ, ಉತ್ತರ. ದತ್ತಾಂಶ ಚೊಕ್ಕಟ ಮಾಡುವಾಗ ಅಳಿಸಬೇಡಿ.